ಇಂದಿನ ಧಮ್ಮಚಿಂತನೆ: ಅಪ್ಪನ ಆರು ಬಟನ್



ಇವತ್ತಿನ ಬರಹದ ಸರದಿ ನನ್ನದು. ಕಳೆದ ಭಾನುವಾರ ಓದಿದ ಸೋಣನ ವೀಣೆಯ ಪ್ರಸಂಗದ ಮೇಲೆ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಬರೆಯಲು ಕುಳಿತರೆ ವೀಣೆ ಬರಲಿಲ್ಲ, ಕಾರಿನ ರೇಡಿಯೊ ಬಂತು. ಸ್ವಲ್ಪ ಉದ್ದವಾಗಿದೆ. ಬೆಳಗಿನ ಚಹಾದ ಹೊತ್ತಿಗೆ ಮುಗಿಯದಿದ್ದರೆ ಸಂಜೆ ಓದಿ.

ನಾನು ಓಡಿಸುವ ಹಳೆಯ ವ್ಯಾಗನ್ ಆರ್ ಅಪ್ಪನದು. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಅದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರು. ಅದರ ಟೇಪು ಕೆಟ್ಟಿತ್ತು. ಅಮೆರಿಕದಲ್ಲಿರುವ ಸೋದರಮಾವನ ಮಗ ಊರಿಗೆ ಬಂದಾಗ ಒಂದು ಸ್ಟೀರಿಯೊ ತಂದುಕೊಟ್ಟ. ಅದರಲ್ಲಿ ಆರು ಬಟನ್. ಬೇಕಾದ ಸ್ಟೇಷನ್ ಹುಡುಕಿ, ಒಂದು ಬಟನ್ನನ್ನು ಎರಡು ಸೆಕೆಂಡು ಒತ್ತಿ ಹಿಡಿದರೆ ‘ಕುಂಯ್’ ಎನ್ನುತ್ತದೆ. ಅಲ್ಲಿಗೆ ಆ ಸ್ಟೇಷನ್ ಆ ಬಟನ್ನಿನಲ್ಲಿ ಕೂತಿತು. ಆಮೇಲೆ ಹುಡುಕಬೇಕಿಲ್ಲ, ಮುಟ್ಟಿದರೆ ಸಾಕು. ಎಫ್‌ಎಂಗೆ ಬೇರೆ ಆರು, ಮೀಡಿಯಂ ವೇವಿಗೆ ಬೇರೆ ಆರು. ನಾವು ಜಗಳವಿಲ್ಲದೆ ಪಾಲು ಮಾಡಿಕೊಂಡಿದ್ದೆವು: ಎಫ್‌ಎಂ ನನ್ನದು, ಮೀಡಿಯಂ ವೇವ್ ಅಪ್ಪನದು.

ಅಪ್ಪನ ಮೊದಲನೆಯ ಬಟನ್ ಧಾರವಾಡ, 765 ಕಿಲೋಹರ್ಟ್ಸ್. ಎರಡನೆಯದು ಮಂಗಳೂರು, 1089. ಮೂರನೆಯದು ಭದ್ರಾವತಿ, 675. ಬೆಳಿಗ್ಗೆ ಹೊರಟರೆ ಚಿಂತನ, ಆಮೇಲೆ ಪ್ರದೇಶ ಸಮಾಚಾರ. ಮಧ್ಯಾಹ್ನವಾದರೆ ಧಾರವಾಡದಿಂದ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು ಹಾಡಿದ್ದನ್ನು ಅಪ್ಪ ಕೇಳಿದ್ದು ಆ ಸ್ಟೇಷನ್ನಿನಿಂದಲೇ, ಬೆಲೆ ಕೊಟ್ಟು ಕ್ಯಾಸೆಟ್ ಕೊಂಡವರಲ್ಲ. ಯಕ್ಷಗಾನ ತಾಳಮದ್ದಳೆ ಬೇಕಾದರೆ ಮಂಗಳೂರು.

ಮಧ್ಯೆ ಒಂದು ಮಾತು. ಅಪ್ಪ ರೇಡಿಯೊ ಎನ್ನುತ್ತಿರಲಿಲ್ಲ, ‘ಆಕಾಶವಾಣಿ ಹಚ್ಚು’ ಎನ್ನುತ್ತಿದ್ದರು. ಆ ಹೆಸರು ನಮ್ಮದೇ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಬಾನುಲಿ ಕೇಂದ್ರ ನಡೆಸಿದಾಗ ಅದಕ್ಕಿಟ್ಟಿದ್ದ ಹೆಸರು ಮುಂದೆ ಇಡೀ ದೇಶದ್ದಾಯಿತು. ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ. ರೇಡಿಯೊ ಕಟ್ಟಿದವರು ಮನಸ್ಸಿನ ಪ್ರೊಫೆಸರು ಎಂಬುದು ಮಕ್ಕಳಿಗೆ ಪಾಠ ಹೇಳುವಾಗಲೆಲ್ಲ ನನಗೆ ಖುಷಿ ಕೊಡುತ್ತದೆ.

ಇನ್ನು ಹೇಳಲೇಬೇಕಾದ ಸಂಗತಿ. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಮಣಿಪಾಲದಲ್ಲಿ ಅಪ್ಪನನ್ನು ಡಾಕ್ಟರಿಗೆ ತೋರಿಸಿಕೊಂಡು ವಾಪಸು ಬರುತ್ತಿದ್ದೆವು. ನಾನು ಗಾಡಿ ಹೊಡೆಯುತ್ತಿದ್ದೆ, ಅಪ್ಪ ಪಕ್ಕದಲ್ಲಿ. ಬೈಂದೂರು ದಾಟುವವರೆಗೆ ಅಪ್ಪನ ಎರಡನೆಯ ಬಟನ್ ನಡೆಯುತ್ತಿತ್ತು. ರೈತರಿಗೆ ಯಾವುದೋ ಗೊಬ್ಬರದ ಮಾಹಿತಿ. ಬೆಳಗಿನಿಂದ ಆಸ್ಪತ್ರೆಯ ಸಾಲುಗಳಲ್ಲಿ ನಿಂತು ನನಗೆ ತಲೆ ಚಿಟ್ಟೆನ್ನುತ್ತಿತ್ತು. ಭಟ್ಕಳದಲ್ಲಿ ಚಹಾಕ್ಕೆ ನಿಲ್ಲಿಸಿ ಹೊರಟವಳು ಕೇಳದೆಯೇ ಅದನ್ನು ತೆಗೆದು ಪೆನ್‌ಡ್ರೈವಿನ ಹಾಡು ಹಾಕಿದೆ. ಅಪ್ಪ ಏನೂ ಅನ್ನಲಿಲ್ಲ. ಶಿರಾಲಿ ದಾಟಿದ ಮೇಲೆ ಅವರು, “ತಂಗೀ, ನಿಂಗೊಂದು ಮಾತು ಹೇಳ್ಬೇಕಾಗಿತ್ತು” ಎಂದರು. ನನ್ನ ಇಷ್ಟದ ಹಾಡು ಅರ್ಧಕ್ಕೆ ಬಂದಿತ್ತು. “ತಡಿ ಅಪ್ಪ, ಇದೊಂದು ಮುಗೀಲಿ” ಎಂದೆ. ಎಂದದ್ದಷ್ಟೇ ಅಲ್ಲ, ಶಬ್ದವನ್ನು ಒಂದು ಗೀಟು ದೊಡ್ಡದೂ ಮಾಡಿದೆ.

ಹಾಡು ಮುಗಿಯಿತು, ಅದರ ಬೆನ್ನಿಗೆ ಇನ್ನೊಂದು ಬಂತು. ಮಂಕಿಯ ಹತ್ತಿರ ತಿರುಗಿ ನೋಡಿದರೆ ಅಪ್ಪನಿಗೆ ನಿದ್ದೆ. ಶರಾವತಿ ಸೇತುವೆಯ ಮೇಲೆ ಗಾಳಿ ಬಡಿದರೂ ಎಚ್ಚರವಾಗಲಿಲ್ಲ. ಕುಮಟೆಯ ಮನೆ ಮುಟ್ಟಿದ ಮೇಲೆ ಔಷಧಿ, ಊಟ, ಆಯಿಯ ಪ್ರಶ್ನೆಗಳು. ಮಾತು ನೆನಪಾಗಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ಮೂರು ತಿಂಗಳು ಹೋಯಿತು. ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು.

ರೇಡಿಯೊದ ಹಾಡಾಗಿದ್ದರೆ, ಹೋದರೆ ಹೋಯಿತು, ಮತ್ತೆ ಸಿಗುವುದಿಲ್ಲ ಎಂದು ನನಗೆ ನಾನೇ ಒಂದು ನೆವ ಹೇಳಿಕೊಳ್ಳಬಹುದಿತ್ತು. ಪೆನ್‌ಡ್ರೈವಿನ ಹಾಡಿಗೆ ಆ ನೆವವೂ ಇಲ್ಲ. ನಿಲ್ಲಿಸಿದ್ದರೆ ನಿಂತಲ್ಲಿಂದಲೇ ಮತ್ತೆ ಹಾಡುತ್ತಿತ್ತು.

ಆ ಮಳೆಗಾಲವಿಡೀ ಕಾರು ಕುಮಟೆಯ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ನನಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ನವರಾತ್ರಿಯ ಹೊತ್ತಿಗೆ ತಮ್ಮ ಅದನ್ನು ಹೇಗೋ ದೂಡಿ ಚಾಲೂ ಮಾಡಿ ನನ್ನ ಶಾಲೆಯ ಹತ್ತಿರ, ಭಟ್ಕಳದ ಒಂದು ಬ್ಯಾಟರಿ ಅಂಗಡಿಗೆ ತಂದ. ಹೊಸ ಬ್ಯಾಟರಿ ಕೂಡಿಸಿದ್ದು ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಯಜಮಾನರೊಡನೆ ನವಾಯತಿ, ನನ್ನೊಡನೆ ಕನ್ನಡ. ನಾನು ಕಾರಿನಲ್ಲಿ ಕುಳಿತು ಮೀಡಿಯಂ ವೇವಿನ ಮೊದಲನೆಯ ಬಟನ್ ಒತ್ತಿದೆ. ಸುಂಯ್. ಎರಡನೆಯದು, ಮೂರನೆಯದು, ಎಲ್ಲವೂ ಸುಂಯ್.

ಶಾಲೆಯಲ್ಲಿ ಮಕ್ಕಳ ಮೇಲೂ ಹಾಗೆ ಕೂಗಿದವಳಲ್ಲ. ನಡುಬೀದಿಯಲ್ಲಿ ಆ ಹುಡುಗನಿಗೆ ಬಾಯಿಗೆ ಬಂದಂತೆ ಅಂದೆ. ಕೇಳದೆ ಯಾಕೆ ಅಳಿಸಿದೆ, ಕೆಲಸ ಬಾರದವರು ಯಾಕೆ ಕೈ ಹಾಕಬೇಕು, ಹೀಗೇ. ಅವನು ತಲೆ ತಗ್ಗಿಸಿ ನಿಂತ. ನಾನು ದುಡ್ಡು ಕೊಟ್ಟು ಹೊರಟೆ. ದಾರಿಯಲ್ಲಿ ನಾನೇ ಧಾರವಾಡ ಹಿಡಿಯಲು ನೋಡಿದೆ. ಅದು 760ಕ್ಕೆ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ 770. ನಡುವಿನ 765 ಬರುವುದೇ ಇಲ್ಲ. ಎರಡೂ ಕಡೆ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ಮಾತಾಡಿದಂತೆ ಕೊರಕೊರ ಸದ್ದು. ಧಾರವಾಡವೇ ಮುಚ್ಚಿಹೋಯಿತೇನೋ ಅಂದುಕೊಂಡೆ.

ಹತ್ತು ದಿನ ತಡೆದುಕೊಂಡು, ನಾಚಿಕೆ ಬಿಟ್ಟು ಅದೇ ಅಂಗಡಿಗೆ ಹೋದೆ. ಹುಡುಗ ನನ್ನನ್ನು ಕಂಡು ಒಳಗೆ ಸರಿಯಲು ನೋಡಿದ. “ತಮ್ಮಾ, ಬೈಲಿಕ್ಕೆ ಬಂದದ್ದಲ್ಲ” ಎಂದೆ. ಅವನು ಬಂದು ಡೆಕ್ ನೋಡಿ ನಕ್ಕ. “ಅಕ್ಕೋರೇ, ಇದು ಅಮೆರಿಕದ ಸೆಟ್ಟು. ಕರೆಂಟು ಪೂರಾ ಹೋದ ಕೂಡಲೇ ಅದು ವಾಪಸ್ ಅಮೆರಿಕಕ್ಕೆ ಹೋಗಿಬಿಡ್ತದೆ.” ಸಂಗತಿ ಇಷ್ಟು. ಅಮೆರಿಕದಲ್ಲಿ ಮೀಡಿಯಂ ವೇವಿನ ಸ್ಟೇಷನ್ನುಗಳು ಹತ್ತು ಹತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕೂತಿರುತ್ತವೆ, ನಮ್ಮಲ್ಲಿ ಒಂಬತ್ತು ಒಂಬತ್ತು. ಹತ್ತರ ಹೆಜ್ಜೆ ಇಡುವ ಸೆಟ್ಟು ಧಾರವಾಡವನ್ನು ಪ್ರತಿಸಲವೂ ದಾಟಿಕೊಂಡೇ ಹೋಗುತ್ತದೆ. ಅವನು ಯಾವುದೋ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದು ಹೆಜ್ಜೆಯನ್ನು ಒಂಬತ್ತಕ್ಕೆ ಇಳಿಸಿದ. 756, 765. ಧಾರವಾಡ ಅಲ್ಲೇ ಇತ್ತು. ಮುಚ್ಚಿರಲಿಲ್ಲ, ನನ್ನ ಹೆಜ್ಜೆ ಸರಿಯಿರಲಿಲ್ಲ. (ಶಾಲೆಯಲ್ಲಿ ಮಕ್ಕಳಿಗೆ ಈ ಲೆಕ್ಕ ಕೊಟ್ಟೆ: 765, 1089, 675, 1287, ನಾಲ್ಕರಲ್ಲಿ ಯಾವುದರ ಅಂಕಿ ಕೂಡಿಸಿದರೂ 18. ಒಂಬತ್ತರ ಮಗ್ಗಿಯನ್ನು ಅವರು ಇನ್ನು ಮರೆಯಲಿಕ್ಕಿಲ್ಲ.)

ಇನ್ನೊಂದನ್ನೂ ಅವನು ಹೇಳಿದ. ಡೆಕ್ಕಿಗೆ ಎರಡು ಕರೆಂಟಿನ ವಯರು ಬರುತ್ತವೆ. ಕೆಂಪು ವಯರು ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯುತ್ತದೆ. ಹಳದಿ ವಯರಿಗೆ ಮಾತ್ರ ಹಗಲೂ ರಾತ್ರಿ ಬ್ಯಾಟರಿಯಿಂದ ಒಂದು ತೊಟ್ಟು ಕರೆಂಟು ಹೋಗುತ್ತಲೇ ಇರಬೇಕು. ಗಾಡಿ ನಿಂತಿರಲಿ, ಓಡಲಿ. ಸ್ಟೇಷನ್ನುಗಳ ನೆನಪು ಬದುಕುವುದು ಆ ತೊಟ್ಟಿನಿಂದ. “ನಾನು ಬ್ಯಾಟರಿ ತೆಗ್ಯೂದಕ್ಕಿಂತ ಮೊದಲೇ ಹೋಗಿತ್ತು ಅಕ್ಕೋರೇ. ಮಳೆಗಾಲದಲ್ಲಿ ಗಾಡಿ ನಿಲ್ಸಿಟ್ರಲ್ಲ, ಬ್ಯಾಟರಿ ಪೂರಾ ಇಳೀತಲ್ಲ, ಆವಾಗ್ಲೇ.” ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದರೆ, “ನೀವು ಹೇಳ್ಲಿಕ್ಕೆ ಬಿಡ್ಲಿಲ್ಲ” ಎಂದ.

ಕ್ಷಮೆ ಕೇಳಿದೆ. ಅವನು ಅದನ್ನು ದೊಡ್ಡದು ಮಾಡಲಿಲ್ಲ. ಅವನ ತಂದೆ ದುಬೈಯಲ್ಲಿದ್ದಾರಂತೆ. ಅವರು ಕಳಿಸಿದ ವಾಯ್ಸ್ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡಿದ್ದನಂತೆ. ಒಮ್ಮೆ ಫೋನ್ ಬದಲಿಸಿದಾಗ ಎಲ್ಲ ಹೋಯಿತಂತೆ. “ನಿಮ್ಗೆ ಯಾಕೆ ಸಿಟ್ಟು ಬಂತು ಅಂತ ನಂಗೆ ಗೊತ್ತಾಯ್ತು” ಎಂದು ಹೇಳಿ ಮುಂದಿನ ಗಾಡಿಗೆ ಹೋದ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಒಬ್ಬರ ಮಾತನ್ನು ಕೇಳದೆ ಇರುವುದು ತಪ್ಪೇ? ತಪ್ಪಾದರೆ ಎಷ್ಟು ತಪ್ಪು?

ಮೊದಲು ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ನೀವು ಕುಳಿತಲ್ಲಿ, ಈ ಕ್ಷಣದಲ್ಲಿ, ಧಾರವಾಡದ ಅಲೆಯೂ ಇದೆ, ಮಂಗಳೂರಿನದೂ ಇದೆ, ಪಣಜಿಯದೂ ಇದೆ. ರೇಡಿಯೊ ಇಲ್ಲದಿದ್ದರೂ ಅವು ನಮ್ಮ ಮೈಯನ್ನು ಹಾದು ಹೋಗುತ್ತಲೇ ಇವೆ. ಟ್ಯೂನ್ ಮಾಡುವುದೆಂದರೆ ಒಂದನ್ನು ಒಳಗೆ ಬಿಟ್ಟು ಉಳಿದದ್ದನ್ನು ಹೊರಗೆ ನಿಲ್ಲಿಸುವುದು. ಎಲ್ಲವನ್ನೂ ಒಟ್ಟಿಗೆ ಹಿಡಿಯುವ ರೇಡಿಯೊ ಏನನ್ನೂ ಹಿಡಿಯುವುದಿಲ್ಲ. ನಲವತ್ತೈದು ಮಕ್ಕಳು ಒಟ್ಟಿಗೆ ‘ಅಕ್ಕೋರೇ’ ಎಂದಾಗ ಒಬ್ಬನ ಮುಖ ನೋಡಲೇಬೇಕು. ಆದ್ದರಿಂದ ಆಯ್ದುಕೊಳ್ಳುವುದೇ ಪಾಪ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟೇಷನ್ ಸೇವ್ ಮಾಡಿಟ್ಟುಕೊಳ್ಳುವುದರಲ್ಲೂ ತಪ್ಪಿಲ್ಲ. ಇಷ್ಟವಾದದ್ದಕ್ಕೆ ಮನೆ ಕೊಡುವುದು ಅದು.

ಆದರೆ ಹಳೆಯ ಮುಳ್ಳಿನ ರೇಡಿಯೊ ನೆನಪಿಸಿಕೊಳ್ಳಿ. ನಮ್ಮ ಮನೆಯಲ್ಲೂ ಒಂದಿತ್ತು, ಕಂದು ಬಣ್ಣದ ಮರದ ಪೆಟ್ಟಿಗೆ. ಧಾರವಾಡದಿಂದ ಮಂಗಳೂರಿಗೆ ಹೋಗಬೇಕಾದರೆ ಗುಂಡಿ ತಿರುಗಿಸುತ್ತ ನಡುವಿನ ಊರುಗಳನ್ನೆಲ್ಲ ಹಾದುಹೋಗಬೇಕಿತ್ತು. ರಾತ್ರಿಯಾದರಂತೂ ಹೇಳುವುದೇ ಬೇಡ. ಹಗಲಿನಲ್ಲಿ ಮೇಲಿನ ವಾತಾವರಣದ ಒಂದು ಪದರ ಮೀಡಿಯಂ ವೇವಿನ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ದೂರ ದೂರಕ್ಕೆ ಇಳಿಯುತ್ತವೆ. ಆಗ ತಮಿಳು, ಮಲಯಾಳ, ಎಲ್ಲಿಯದೋ ಅರಬಿ ಎಲ್ಲ ಬರುತ್ತಿದ್ದವು. ಅರ್ಥವಾಗದಿದ್ದರೂ ಒಂದು ಗಳಿಗೆ ನಿಂತು ಕೇಳುತ್ತಿದ್ದೆವು. ಬಟನ್ ಬಂದ ಮೇಲೆ ನಡುವಿನ ಊರುಗಳೇ ಇಲ್ಲ. ನನ್ನ ಊರಿನಿಂದ ನನ್ನ ಊರಿಗೆ ಜಿಗಿತ.

ಎಫ್‌ಎಂಗೆ ಇನ್ನೊಂದು ಗುಣವಿದೆ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರು ಹೇಳಿದ ಮೇಲೆ ನಾನು ಅದನ್ನು ಮರೆತೇ ಇಲ್ಲ. ಒಂದೇ ಜಾಗದಲ್ಲಿ ಎರಡು ಮೀಡಿಯಂ ವೇವ್ ಸ್ಟೇಷನ್ ಸಿಕ್ಕಿಬಿದ್ದರೆ ಎರಡೂ ಕಲಸಿಕೊಂಡು ಕೇಳಿಸುತ್ತವೆ. ಬಲವಾದದ್ದರ ಹಿಂದೆ ಬಡವಾದದ್ದು ಗುಣುಗುಣು ಎನ್ನುತ್ತಿರುತ್ತದೆ. ಎಫ್‌ಎಂನಲ್ಲಿ ಹಾಗಿಲ್ಲ. ಅಲ್ಲಿ ಬಲವಾದದ್ದನ್ನು ಹಿಡಿದ ಸೆಟ್ಟು ಬಡವಾದದ್ದನ್ನು ಪೂರ್ತಿ ಒತ್ತಿ ಹಾಕುತ್ತದೆ. ಇನ್ನೊಬ್ಬರು ಮಾತಾಡುತ್ತಿದ್ದರು ಎಂಬ ಸುಳಿವೇ ಸಿಗದಷ್ಟು ಸ್ವಚ್ಛ. ಶಿರಾಲಿಯಿಂದ ಮಂಕಿಯವರೆಗೆ ನನ್ನ ಕಾರಿನಲ್ಲಿ ಆದದ್ದು ಅದೇ. ಹಾಡು ಬಹಳ ಸ್ವಚ್ಛವಾಗಿ ಕೇಳಿಸಿತು.

ಹಾಗಾದರೆ ತಪ್ಪು ಎಲ್ಲಿದೆ? ಹಾಡನ್ನು ಆಯ್ದುಕೊಂಡದ್ದರಲ್ಲಿ ಇಲ್ಲ. ಕಮ್ಮ ಎಂದರೆ ಚೇತನೆ, ಅಂದರೆ ಮನಸ್ಸು ಮಾಡುವುದು ಎಂದು ನಾವು ಎಷ್ಟೋ ಸಲ ಓದಿದ್ದೇವೆ. ಆ ಅಳತೆಯಲ್ಲಿ ‘ತಡಿ ಅಪ್ಪ’ ಎಂದದ್ದು ಸಣ್ಣದು. ಎರಡು ನಿಮಿಷದ ಮಾತು, ದ್ವೇಷವಿರಲಿಲ್ಲ. ಆದರೆ ಶಬ್ದ ದೊಡ್ಡದು ಮಾಡಿದ ಕೈ ಇದೆಯಲ್ಲ, ಅದರಲ್ಲಿ ಚೇತನೆ ಇತ್ತು. ನೀವು ಸದಾ ಏನಾದರೂ ಹೇಳುತ್ತಲೇ ಇರುತ್ತೀರಿ, ನನಗೆ ಸಾಕಾಗಿದೆ ಎಂಬುದನ್ನು ಆ ಕೈ ಹೇಳಿತು. ಅಪ್ಪನಿಗೆ ಅದು ಕೇಳಿಸಿತು ಎಂದೇ ನನ್ನ ಭಯ. ಅಂಚೆಯಲ್ಲಿ ಮೂವತ್ತು ವರ್ಷ ಯಾರ ಯಾರದೋ ಮಾತನ್ನು ಸೇರಬೇಕಾದ ಮನೆಗೇ ಸೇರಿಸಿದ ಮನುಷ್ಯ, ತನ್ನದೊಂದು ಮಾತು ವಾಪಸು ಬಂದದ್ದನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಕನ್ನಡದಲ್ಲಿ ‘ಕೇಳು’ ಎಂಬ ಒಂದು ಧಾತು ಎಷ್ಟು ಕೆಲಸ ಮಾಡುತ್ತದೆ ನೋಡಿ. ಹಾಡು ಕೇಳು ಎಂದರೆ ಆಲಿಸುವುದು. ದಾರಿ ಕೇಳು ಎಂದರೆ ಪ್ರಶ್ನಿಸುವುದು. ಹೇಳಿದ ಮಾತು ಕೇಳು ಎಂದರೆ ನಡೆದುಕೊಳ್ಳುವುದು. ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದರೂ ಈ ಮೂರು ಒಂದೇ ಕ್ರಿಯಾಪದವಾಗಿ ಯಾಕಿವೆ ಎಂದು ಯೋಚಿಸಿರಲಿಲ್ಲ. ‘ನಾನು ಅಪ್ಪನನ್ನು ಕೇಳಲಿಲ್ಲ’ ಎಂದು ಬರೆದರೆ ಎರಡು ತಪ್ಪೊಪ್ಪಿಗೆ ಒಂದೇ ವಾಕ್ಯದಲ್ಲಿ ಬರುತ್ತದೆ: ಅವರು ಹೇಳಹೊರಟದ್ದನ್ನು ಆಲಿಸಲಿಲ್ಲ, ಆಮೇಲೆ ಮೂರು ತಿಂಗಳು ‘ಅಪ್ಪ, ಅವತ್ತು ಏನೋ ಹೇಳ್ಬೇಕು ಅಂದಿದ್ರಲ್ಲ?’ ಎಂದು ವಿಚಾರಿಸಲೂ ಇಲ್ಲ. ಎರಡನೆಯದೇ ಹೆಚ್ಚು ಭಾರವೆಂದು ಈಗ ಅನಿಸುತ್ತದೆ. ಮೊದಲನೆಯದರಲ್ಲಿ ಸುಸ್ತು ಇತ್ತು. ಎರಡನೆಯದಕ್ಕೆ ತೊಂಬತ್ತು ದಿನ ಸಮಯವಿತ್ತು.

ಇದನ್ನು ನಮ್ಮ ಓದಿನ ಬಳಗದ ಹಿರಿಯರೊಬ್ಬರಲ್ಲಿ ಹೇಳಿಕೊಂಡಾಗ ಅವರು ಪ್ರೀತಿಯಿಂದಲೇ ಅಂದರು: “ಇದು ಕುಕ್ಕುಚ್ಚ. ಐದು ನೀವರಣಗಳಲ್ಲಿ ಉದ್ಧಚ್ಚದ ಜೊತೆಗೆ ಸೇರಿಸಿ ಎಣಿಸಿದ್ದಾರೆ. ಗಾಳಿಗೆ ಅಲ್ಲಾಡುವ ನೀರಿನಲ್ಲಿ ಮುಖ ಕಾಣುವುದಿಲ್ಲ. ಬಿಟ್ಟುಬಿಡಿ.” ಮಾತು ಸರಿ. ಪಶ್ಚಾತ್ತಾಪವನ್ನು ದಿನಾ ಮೆಲುಕು ಹಾಕುವುದು ಒಂದು ಚಟವಾಗುತ್ತದೆಂಬುದನ್ನು ನಾನು ಬಲ್ಲೆ. ಆ ಚಟದಲ್ಲಿ ಅಪ್ಪನಿಗಿಂತ ‘ಎಷ್ಟು ನೊಂದಿದ್ದೇನೆ ನೋಡಿ’ ಎನ್ನುವ ನಾನೇ ದೊಡ್ಡದಾಗುತ್ತೇನೆ. ಅದೂ ಒಂದು ಸೇವ್ ಮಾಡಿದ ಸ್ಟೇಷನ್. ಮುಟ್ಟಿದರೆ ಸಾಕು, ಅದೇ ಹಾಡು.

ಆದರೂ ‘ಬಿಟ್ಟುಬಿಡಿ’ ಎಂಬುದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಅದೇ ಧಮ್ಮದಲ್ಲಿ ಹಿರಿ, ಒತ್ತಪ್ಪ ಎಂಬ ಎರಡು ಮಾತೂ ಇವೆ. ತಪ್ಪಿಗೆ ನಾಚುವುದು, ತಪ್ಪಿಗೆ ಅಂಜುವುದು. ಇವೆರಡು ಲೋಕವನ್ನು ಕಾಯುವ ಧರ್ಮಗಳು ಎಂದಿದ್ದಾರೆ. ಕುಕ್ಕುಚ್ಚಕ್ಕೂ ಹಿರಿಗೂ ನಡುವೆ ಗೆರೆ ಎಲ್ಲಿದೆ? ನನಗೆ ಹೊಳೆದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಕುಕ್ಕುಚ್ಚ ಶಿರಾಲಿ–ಮಂಕಿಯ ನಡುವೆಯೇ ಗಾಡಿ ತಿರುಗಿಸಿ ತಿರುಗಿಸಿ ಓಡಿಸುತ್ತಿರುತ್ತದೆ. ಹಿರಿ ಬ್ಯಾಟರಿ ಅಂಗಡಿಗೆ ಕರೆದುಕೊಂಡು ಹೋಗುತ್ತದೆ. ಅಪ್ಪನಲ್ಲಿ ಕ್ಷಮೆ ಕೇಳಲು ಇನ್ನು ದಾರಿಯಿಲ್ಲ. ಆ ಹುಡುಗನಲ್ಲಿ ಕೇಳಲು ಇತ್ತು. ಅವನನ್ನು ಬೈದದ್ದೂ ಅದೇ ರೋಗ, ಹೇಳಲು ಬಿಡದಿರುವುದು. ಅಪ್ಪನ ವಿಷಯದಲ್ಲಿ ಅಷ್ಟು ಅಳುತ್ತಿದ್ದಾಗಲೇ ಅದೇ ತಪ್ಪನ್ನು ಇನ್ನೊಬ್ಬರ ಮಗನಿಗೆ ಮಾಡಿದ್ದೆ. ಅಳು ನನಗೆ ಏನನ್ನೂ ಕಲಿಸಿರಲಿಲ್ಲ.

ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿ ಬುದ್ಧಗುರು ತನ್ನ ಮಗನಿಗೆ ಹೇಳುವ ಕ್ರಮ ನಿಮಗೆ ನೆನಪಿರಬಹುದು. ಕೆಲಸಕ್ಕೆ ಮೊದಲು ನೋಡು, ಮಾಡುತ್ತಿರುವಾಗ ನೋಡು, ಮಾಡಿದ ಮೇಲೂ ನೋಡು ಎಂಬುದು ಅದರ ಸಾರ. ಮಾಡಿದ ಮೇಲೆ ಕೆಡುಕೆಂದು ಕಂಡರೆ ಒಳಗೇ ಇಟ್ಟುಕೊಳ್ಳದೆ ಗುರುಗಳಲ್ಲೋ ಜೊತೆಯ ತಿಳಿದವರಲ್ಲೋ ಬಿಚ್ಚಿ ಹೇಳಬೇಕು. ಅಪ್ಪ ಮಗನಿಗೆ ಹೇಳಿದ ಮಾತು ಅದು, ಆ ಮಗ ಕೇಳಿಸಿಕೊಂಡ. ಈ ಉದ್ದದ ಮೆಸೇಜನ್ನು ನಿಮ್ಮೆಲ್ಲರ ಫೋನಿಗೆ ಕಳಿಸುತ್ತಿರುವುದು ಆ ಕಾರಣಕ್ಕೇ.

ಇನ್ನು ಸೋಣ. ಶ್ರೀಮಂತರ ಮಗ, ಮೆತ್ತನೆಯ ಪಾದದವನು. ಪಾದ ಒಡೆದು ರಕ್ತ ಬರುವಷ್ಟು ನಡೆದು ಧ್ಯಾನ ಮಾಡಿ, ಏನೂ ಸಿಗದೆ, ಮನೆಗೆ ಹೋಗಿಬಿಡಲೇ ಎಂದು ಯೋಚಿಸುತ್ತಾನೆ. ತಂತಿ ಬಹಳ ಬಿಗಿಯಾದರೂ ನುಡಿಯದು, ಬಹಳ ಸಡಿಲವಾದರೂ ನುಡಿಯದು ಎಂಬ ಅರಿವು ಅವನಿಗೆ ಅಲ್ಲಿ ಸಿಗುತ್ತದೆ. ನಾವು ಭಾನುವಾರ ಇದನ್ನು ಮಧ್ಯಮ ಮಾರ್ಗದ ಉಪಮೆಯಾಗಿ ಚರ್ಚಿಸಿದೆವು. ನನಗೆ ಈ ಸಲ ಕಣ್ಣಿಗೆ ಬಿದ್ದದ್ದು ಬೇರೆ. ಬುದ್ಧಗುರು ಬಂದವರೇ ಉಪದೇಶ ಶುರುಮಾಡಲಿಲ್ಲ. ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲವೇ ಎಂದು ವಿಚಾರಿಸಿದರು. ಬಿಗಿಯಾದರೆ ಏನಾಗುತ್ತಿತ್ತು, ಸಡಿಲವಾದರೆ ಏನಾಗುತ್ತಿತ್ತು ಎಂದು ಒಂದೊಂದಾಗಿ ಕೇಳಿದರು. ಉತ್ತರಗಳೆಲ್ಲ ಸೋಣನವೇ. ವೀಣೆ ಶ್ರುತಿಯಾಗುವ ಮೊದಲು ಗುರುವೇ ಶಿಷ್ಯನಿಗೆ ಶ್ರುತಿಯಾಗಿದ್ದರು. ಸುತ್ತಗಳೆಲ್ಲ ತಾನು ಕೇಳಿದ್ದನ್ನು ಹೇಳುತ್ತಿದ್ದೇನೆ ಎಂಬ ಅರ್ಥದ ಮಾತಿನಿಂದ ಆರಂಭವಾಗುತ್ತವೆ, ಶಿಷ್ಯನಿಗೆ ‘ಶ್ರಾವಕ’ ಎನ್ನುತ್ತಾರೆ ಎಂಬುದೆಲ್ಲ ಗೊತ್ತಿತ್ತು. ಗುರುವೂ ಕೇಳುವವನೆಂದು ಗಮನಿಸಿರಲಿಲ್ಲ.

ಶ್ರುತಿ, ಸ್ಮೃತಿ ಎಂದು ಜೋಡಿಪದ ಮಾಡಿ ನಾವು ಗ್ರಂಥಗಳಿಗೆ ಹೆಸರಿಟ್ಟುಬಿಟ್ಟಿದ್ದೇವೆ. ಆದರೆ ವಾದ್ಯದವರಿಗೆ ಶ್ರುತಿ ದಿನದಿನದ ಕೆಲಸ. ನಮ್ಮ ಬಡಗಿನ ಆಟದ ಚೌಕಿಯಲ್ಲಿ ನೋಡಿದ್ದೀರಲ್ಲ, ನಿನ್ನೆ ಸರಿಯಿದ್ದ ಮದ್ದಳೆಯನ್ನು ಇವತ್ತು ಮತ್ತೆ ತಟ್ಟಿ ತಟ್ಟಿ ನೋಡುತ್ತಾರೆ. ತಂಪು ಹವೆಗೆ ಚರ್ಮ ಸಡಿಲಾಗಿರುತ್ತದೆ. ‘ಮೊನ್ನೆಯ ಶ್ರುತಿ ಸೇವ್ ಇದೆ’ ಎನ್ನುವ ಮದ್ದಳೆಗಾರ ಇಲ್ಲ. ಇನ್ನು ಸ್ಮೃತಿ. ಅದೇ ಪಾಲಿಯ ‘ಸತಿ’. ನೆನಪು ಎಂದೂ ಹೌದು, ಎಚ್ಚರ ಎಂದೂ ಹೌದು. ಕಾರಿನ ಡೆಕ್ಕಿಗೆ ಇರುವುದು ನೆನಪು ಮಾತ್ರ, ಎಚ್ಚರವಿಲ್ಲ. ಆ ನೆನಪೂ ಪುಕ್ಕಟೆಯದಲ್ಲ, ಹಳದಿ ವಯರಿನ ತೊಟ್ಟು ತಪ್ಪಿದರೆ ಅದೂ ಇಲ್ಲ. ನಾನು ಅಪ್ಪನ ನೆನಪಿಗಾಗಿ ಕಾರನ್ನು ಮುಟ್ಟದೆ ಇಟ್ಟಿದ್ದೆ. ಮುಟ್ಟದೆ ಇಟ್ಟದ್ದರಿಂದಲೇ ನೆನಪು ಹೋಯಿತು. ವಾರಕ್ಕೊಮ್ಮೆ ಚಾಲೂ ಮಾಡಿ ಹೆದ್ದಾರಿಯಲ್ಲಿ ಹಂದಿಗೋಣದವರೆಗೆ ಹೋಗಿ ಬಂದಿದ್ದರೆ ಸಾಕಿತ್ತು.

ಮೊದಲ ಮೂರು ಬಟನ್ನುಗಳನ್ನು ನಾನೇ ತುಂಬಿದೆ. ನಾಲ್ಕು, ಐದು, ಆರು ಏನಿತ್ತೆಂದು ತಿಳಿಯದು. ಹತ್ತು ವರ್ಷ ಆ ಕಾರಿನಲ್ಲಿ ಓಡಾಡಿದ್ದೇನೆ, ಎಷ್ಟೋ ಸಲ ಅಪ್ಪನ ಬೆರಳು ಅವುಗಳ ಮೇಲೆ ಹೋದದ್ದನ್ನು ಕಂಡಿದ್ದೇನೆ. ಆದರೆ ಅಷ್ಟರಲ್ಲಿ ನಾನು ಎಫ್‌ಎಂಗೆ ಹೊರಳಿಸಿಬಿಡುತ್ತಿದ್ದೆ. ಕಾರವಾರದ 102.3 ಎಂದರೆ ನನಗೆ ಹಾಡು, ಅಪ್ಪನ ಬೆರಳೆಂದರೆ ಗೊಬ್ಬರದ ಮಾಹಿತಿ.

ಕಳೆದ ಶನಿವಾರ ಆಯಿಯನ್ನು ಕೂಡಿಸಿಕೊಂಡು ಅಂಕೋಲೆಯ ಮಾವನ ಮನೆಗೆ ಹೊರಟೆ. ದಾರಿಯಲ್ಲಿ ಆಯಿಯನ್ನೇ ಕೇಳಿದೆ. “ನಾಲ್ಕರಲ್ಲಿ ಗೋವಾ ಇತ್ತಲ್ಲ” ಎಂದಳು, ಅಡುಗೆಮನೆಯ ಡಬ್ಬಿ ತೋರಿಸುವ ಹಾಗೆ. ಅಪ್ಪನ ಮೊದಲ ಕೆಲಸ ಕಾರವಾರದ ಕಡೆ. ಅಲ್ಲಿ ಯಾರದೋ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಗ ಮರಾಠಿ ನಾಟ್ಯಗೀತೆಯ ಹುಚ್ಚು ಹಿಡಿದಿತ್ತಂತೆ. “ಸ್ನಾನ ಮಾಡುವಾಗ ಅದೇ ಗುನುಗುತ್ತಿದ್ದರಲ್ಲೇ, ನೀ ಕೇಳಿಲ್ವಾ?” ಸ್ನಾನದ ಮನೆಯಿಂದ ಬರುತ್ತಿದ್ದ ಗುನುಗನ್ನು ನಾನು ನಲವತ್ತು ವರ್ಷ ಯಾವುದೋ ಭಜನೆ ಎಂದುಕೊಂಡಿದ್ದೆ.

ಪಣಜಿ, 1287. ಸಮುದ್ರದ ಉಪ್ಪುನೀರಿನ ಮೇಲೆ ಮೀಡಿಯಂ ವೇವ್ ನೆಲಕ್ಕಿಂತ ಚೆನ್ನಾಗಿ ಹರಿಯುತ್ತದೆ. ಕರಾವಳಿಗುಂಟ ಅದು ನಮ್ಮವರೆಗೆ ಬರುವುದು ಹಾಗೆ. ಗಾಡಿ ಬದಿಗೆ ನಿಲ್ಲಿಸಿ ಹುಡುಕಿದೆ. ಕೊಂಕಣಿಯಲ್ಲಿ ಯಾರೋ ಏನೋ ಹೇಳುತ್ತಿದ್ದರು. ಎರಡು ಸೆಕೆಂಡು ಒತ್ತಿ ಹಿಡಿದೆ. ಕುಂಯ್.

“ಐದು, ಆರು?” ಎಂದೆ. ಆಯಿಗೆ ಗೊತ್ತಿರಲಿಲ್ಲ. ಅವತ್ತು ಶಿರಾಲಿಯಲ್ಲಿ ಅಪ್ಪ ಹೇಳಹೊರಟದ್ದೇನೆಂದು ನಿನಗೇನಾದರೂ ಹೇಳಿದ್ದರೇ ಎಂದೂ ಕೇಳಿದೆ. “ಇಲ್ವಪ್ಪ, ನಂಗೇನೂ ಹೇಳಿಲ್ಲ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದನ್ನೊಂದು ಸಣ್ಣ ಮಾಡು, ನಿಂಗೊಂದು ಹೇಳ್ಬೇಕು” ಎಂದಳು.

ನನ್ನ ಎದೆ ಧಸಕ್ಕೆಂದಿತು. ರೇಡಿಯೊ ಸಣ್ಣ ಮಾಡಲಿಲ್ಲ, ಬಂದ್ ಮಾಡಿದೆ.

ಪಕ್ಕದ ಮನೆಯವರ ತೆಂಗಿನಮರ ನಮ್ಮ ಹಿತ್ತಲಿಗೆ ವಾಲಿದೆಯಂತೆ. ಅದರಿಂದ ಬಿದ್ದ ಕಾಯಿ ಯಾರದ್ದೆಂದು ತಕರಾರಂತೆ. ಆ ಮನೆಯ ಸೊಸೆ ಏನಂದಳು, ಅದಕ್ಕೆ ಆಯಿ ಏನಂದಳು, ಅದನ್ನು ಕೇಳಿಸಿಕೊಂಡ ಮೂರನೇ ಮನೆಯವರು ಯಾರ ಪರ ವಹಿಸಿದರು. ಮಿರ್ಜಾನ ಬಂತು, ದಾಟಿತು, ತೆಂಗಿನಕಾಯಿ ಇನ್ನೂ ನೆಲಕ್ಕೆ ಬಿದ್ದಿರಲಿಲ್ಲ. ನಡುವೆ ಎರಡು ಸಲ ನನ್ನ ಕೈ ತಾನಾಗಿಯೇ ರೇಡಿಯೊ ಕಡೆಗೆ ಹೋಯಿತು. ಅದನ್ನು ಕಂಡು ಗೇರಿನ ಮೇಲಿಟ್ಟೆ. ಅಂಕೋಲೆ ಮುಟ್ಟುವವರೆಗೆ ಅದೇ ಕತೆ. ಆ ಸೊಸೆಯ ಹೆಸರೂ ಅವಳ ತವರಿನ ಊರೂ ಈಗ ನನಗೆ ಗೊತ್ತು.

ಮುಂದಿನ ಭಾನುವಾರ ರಾಹುಲೋವಾದ ಸುತ್ತವನ್ನೇ ಓದೋಣವೇ? ಅನುವಾದದ ಪ್ರತಿ ಇರುವವರು ಗುಂಪಿನಲ್ಲಿ ತಿಳಿಸಿ.